ಒಂದೂವರೆ ಅಡಿಯ ಬಾಯಿ

ಅಹಮದಾಬಾದಿನ ಹಳೆ ಊರಿಗೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ ಮೇಲೆ ನಮ್ಮ ಪಾನಾಚಂದ ಪೋಳ ಎಂಬ ಓಣಿಯ ಹೆಂಗಸರಿಗೆ ಬೆಳಗಿನ ಒಂಬತ್ತು ಗಂಟೆ ಎಂದರೆ ಭಯ. ಅಷ್ಟರೊಳಗೆ ಬಾಗಿಲ ಮುಂದೆ ನೀರು ಹಾಕಿರಬೇಕು, ಒಳಉಡುಪು ಹಗ್ಗದಿಂದ ಇಳಿದಿರಬೇಕು, ಮುಸುರೆ ಪಾತ್ರೆಗಳು ಜಗಲಿಯಿಂದ ಒಳಗೆ ಹೋಗಿರಬೇಕು. ಯಾಕೆಂದರೆ ಒಂಬತ್ತಕ್ಕೆ ಪ್ರವಾಸಿಗಳು ಬರುತ್ತಾರೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ತಲೆ ಮೇಲಕ್ಕೆತ್ತಿ, ಮರದ ಕೆತ್ತನೆಯ ತೊಲೆಗಳನ್ನು ನೋಡುತ್ತಾ ನಡೆಯುತ್ತಾರೆ. ಅವರ ಗುಂಪು ಕೊನೆಗೆ ಬಂದು ನಿಲ್ಲುವುದು ನಮ್ಮ ಎದುರು ಮನೆಯ ಮುಂದೆ. ಅಲ್ಲಿ ನವನೀತಭಾಯಿ ಶಾಹ ಗರಿಗರಿ ಜುಬ್ಬಾ ತೊಟ್ಟು ಕೈ ಮುಗಿದು ನಿಂತಿರುತ್ತಾರೆ.

"ಬನ್ನಿ, ಬನ್ನಿ. ಇದು ನೂರಾ ಎಂಬತ್ತು ವರ್ಷದ ಮನೆ. ನಾನು ಆರನೇ ತಲೆಮಾರು."

ಒಳಾಂಗಳದ ನಡುವೆ ಹಿತ್ತಾಳೆಯ ಮುಚ್ಚಳ. ಅದನ್ನು ಅವರು ನಾಟಕದ ಪರದೆ ಸರಿಸುವ ಹಾಗೆ ಸರಿಸುತ್ತಾರೆ. ಕೆಳಗೆ ಹದಿನೆಂಟು ಅಡಿ ಆಳದ ಟಾಂಕಾ. ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಬಿದ್ದ ನೀರು ತಾಮ್ರದ ಕೊಳವೆಯಲ್ಲಿ ಇಳಿದು ನೆಲದಡಿಯ ಈ ತೊಟ್ಟಿಯಲ್ಲಿ ಸೇರಿ, ವರ್ಷವಿಡೀ ತಣ್ಣಗೆ ಕತ್ತಲಲ್ಲಿ ಕೂತಿರುತ್ತದೆ.

"ನಮ್ಮ ಹಿರಿಯರ ಬುದ್ಧಿ ನೋಡಿ! ಫ್ರಿಜ್ ಇಲ್ಲ, ಫಿಲ್ಟರ್ ಇಲ್ಲ. ನೀರು ಮಾತ್ರ ಅಮೃತ. ಈ ಬಾಯಿ ನೋಡಿ, ಎಂಟು ದಳದ ಕಮಲ. ಒಂದೇ ಕಲ್ಲಲ್ಲಿ ಕೆತ್ತಿದ್ದು."

ಎಲ್ಲರೂ ಬಗ್ಗಿ ಕಮಲದ ಫೋಟೋ ತೆಗೆಯುತ್ತಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ಚಹಾದ ತಟ್ಟೆ ಬರುತ್ತದೆ, ಜೊತೆಗೆ ಬೆಳಗಿನ ಐದಕ್ಕೆ ಎದ್ದು ಸುಟ್ಟ ಮೂವತ್ತು ಖಾಖ್ರಾ ರೊಟ್ಟಿ. ತಟ್ಟೆ ಹಿಡಿದವಳ ಕಡೆ ನವನೀತಭಾಯಿ ಕೈ ತೋರಿಸಿ, "ಇವರು ನನ್ನ ಮಿಸೆಸ್" ಎನ್ನುತ್ತಾರೆ. ಅವಳ ಬಗ್ಗೆ ಆರನೇ ತಲೆಮಾರಿಗೆ ಗೊತ್ತಿರುವ ಇತಿಹಾಸ ಅಷ್ಟೇ.

ಆ ಮಿಸೆಸ್‌ಳ ಹೆಸರು ಸರಯೂಬೆನ್. ವಯಸ್ಸು ಐವತ್ತೇಳು. ಊರು ಕಪಡವಂಜ್. ತಂದೆ ಶಾಲಾ ಮಾಸ್ತರು. ನಾನು ಇಪ್ಪತ್ತೊಂಬತ್ತು ವರ್ಷದಿಂದ ಎದುರು ಮನೆಯಲ್ಲಿದ್ದೇನೆ. ಮಧ್ಯಾಹ್ನ ಎರಡರ ನಂತರ ಅವಳಿಗೆ ಸಿಗುವ ಅರ್ಧ ಗಂಟೆಯಲ್ಲಿ ನಮ್ಮ ಜಗಲಿಗೆ ಬಂದು ಅಕ್ಕಿ ಆರಿಸುತ್ತಾ ಮಾತಾಡುತ್ತಾಳೆ. ಅವಳಿಗೆ ವಿರಾಮ ಎಂದರೆ ಕೂತು ಮಾಡುವ ಕೆಲಸ.

ಅವಳನ್ನು ನೋಡಲು ಬಂದ ದಿನದ ಕಥೆಯನ್ನು ಆ ಜಗಲಿಯ ಮೇಲೆಯೇ ಕೇಳಿದೆ. ಹುಡುಗ ಬಂದಿರಲಿಲ್ಲ, ಅಂಗಡಿಯಲ್ಲಿ ದೀಪಾವಳಿ ವ್ಯಾಪಾರ. ಬಂದವರು ಅತ್ತೆಯಾಗುವ ಮಂಗುಬಾ, ಜೊತೆಗೆ ಇಬ್ಬರು ಹೆಂಗಸರು. ಗುಜರಾತಿಯಲ್ಲಿ 'ಬಾ' ಎಂದರೆ ಅಮ್ಮ, ಮನೆಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಹಾಡು ಹೇಳಿಸಲಿಲ್ಲ, ಕಸೂತಿ ಕೇಳಲಿಲ್ಲ. ಮಂಗುಬಾ ಹೇಳಿದ್ದು ಎರಡೇ ಮಾತು. "ಎದ್ದು ನಿಲ್ಲು ಮಗು. ಆ ಕಡೆ ತಿರುಗು." ಆಮೇಲೆ ಜೊತೆಯವರಿಗೆ ತಲೆಯಾಡಿಸಿದರು. ಮಾಸ್ತರ ಮಗಳಿಗೆ ಅಹಮದಾಬಾದಿನ ಸ್ವಂತ ಮನೆಯ ಸಂಬಂಧ ಇಷ್ಟು ಸಲೀಸಾಗಿ ಕುದುರಿದ್ದು ಹೇಗೆಂದು ಕಪಡವಂಜ್‌ನಲ್ಲಿ ತಿಂಗಳುಗಟ್ಟಲೆ ಚರ್ಚೆಯಾಯಿತಂತೆ.

ಹೇಗೆಂದು ಸರಯೂಗೆ ತಿಳಿದದ್ದು ಮದುವೆಯಾದ ಮುಂದಿನ ವೈಶಾಖದಲ್ಲಿ. ಟಾಂಕಾದ ನೀರು ಮೊಣಕಾಲುದ್ದಕ್ಕೆ ಇಳಿದಿತ್ತು. ಮೂರು ವರ್ಷಕ್ಕೊಮ್ಮೆ ಆ ಹೊತ್ತಿಗೆ ಒಳಗಿಳಿದು ಗೋಡೆ ಉಜ್ಜಿ, ತಳದ ಕೆಸರು ಬಳಿದು, ಸುಣ್ಣ ಬಳಿಯಬೇಕು. ಮಂಗುಬಾ ಹಗ್ಗ ತಂದರು. ಮೊದಲು ಒಂದು ಹಣತೆ ಹಚ್ಚಿ ಕೆಳಗಿಳಿಸಿದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ದೀಪ ಆರಲಿಲ್ಲ.

"ಈಗ ನೀನು," ಎಂದರು.

"ನಾನಾ?"

"ಮತ್ತಿನ್ಯಾರು? ಬಾಯಿ ಒಂದೂವರೆ ಅಡಿ. ಗಂಡಸರು ಭುಜಕ್ಕೇ ಸಿಕ್ಕಿಹಾಕ್ಕೋತಾರೆ. ನಿನ್ನ ಸೊಂಟ ಹಿಡಿಸುತ್ತೆ, ನಾನು ಅವತ್ತೇ ನೋಡಿದ್ದೀನಿ."

ಹೊರಗಿನ ಕೂಲಿಯವರನ್ನು ಯಾಕೆ ಕರೆಯಬಾರದು ಎಂದು ಹೊಸ ಸೊಸೆ ಕೇಳಿದ್ದಳು. ಕಂಡಕಂಡವರ ಕಾಲು ಕುಡಿಯುವ ನೀರಿಗೆ ತಾಗಬಾರದು ಎಂಬ ಉತ್ತರ ಬಂತು. ಕಂಡಕಂಡವರು ಎಂದರೆ ಯಾರು ಎಂಬುದನ್ನು ನಮ್ಮ ಪೋಳದಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹೀಗೆ ಒಂದು ಕಡೆಯಿಂದ ಜಾತಿಯ ಮಡಿ, ಇನ್ನೊಂದು ಕಡೆಯಿಂದ ಗಂಡಸರ ಭುಜ ಒತ್ತಿ ಆ ತೂತಿನೊಳಗೆ ಇಳಿಯಲು ಉಳಿದದ್ದು ಮನೆಯ ಸೊಸೆ ಮಾತ್ರ.

ಮೂವತ್ತೇಳು ವರ್ಷದಲ್ಲಿ ಸರಯೂಬೆನ್ ಹನ್ನೆರಡು ಸಲ ಇಳಿದಿದ್ದಾಳೆ. ಒಮ್ಮೆ ಮಾತ್ರ ಸರದಿ ತಪ್ಪಿತು, ಆಗ ಮಗ ಮೌಲಿಕ್ ಹೊಟ್ಟೆಯಲ್ಲಿ ಏಳು ತಿಂಗಳು. ಅದೂ ಕರುಣೆಯಿಂದಲ್ಲ, ಹೊಟ್ಟೆ ಹಿಡಿಸಲಿಲ್ಲ ಅಂತ. ಮಾರನೇ ವರ್ಷ ಎದೆಹಾಲು ಸೋರುತ್ತಿದ್ದಾಗ ಇಳಿದಳು. ಮೇಲೆ ಮಗು ಅಳುವುದು ಕೆಳಗೆ ಹತ್ತು ಪಟ್ಟಾಗಿ ಮೊಳಗುತ್ತಿತ್ತಂತೆ. "ಕೈಯಲ್ಲಿ ತೆಂಗಿನ ನಾರು, ಗೋಡೆ ಉಜ್ಜಬೇಕು, ರವಿಕೆ ಒದ್ದೆ. ಬಾ ಮೇಲಿಂದ 'ಬೇಗ ಬೇಗ' ಅಂತಿದ್ರು. ಬೇಗ ಅಂದ್ರೆ ಏನು ಬೇಗ, ನೂರಾ ಎಂಬತ್ತು ವರ್ಷದಿಂದ ಅಲ್ಲೇ ಇರೋ ಗೋಡೆ!" ಎಂದು ಒಮ್ಮೆ ನಕ್ಕಿದ್ದಳು. ನನಗೆ ನಗು ಬರಲಿಲ್ಲ.

ನಲವತ್ತು ದಾಟಿದ ಮೇಲೆ ದೇಹ ತನ್ನ ಪಾಡಿಗೆ ಅಗಲವಾಗತೊಡಗಿತು. ಚೈತ್ರದಲ್ಲಿ ನಮ್ಮ ಜೈನರ ಮನೆಗಳಲ್ಲಿ ಒಂಬತ್ತು ದಿನ ಆಯಂಬಿಲ್ ಹಿಡಿಯುತ್ತಾರೆ. ಎಣ್ಣೆ, ತುಪ್ಪ, ಉಪ್ಪು, ಖಾರ ಇಲ್ಲದ ಒಂದೇ ಹೊತ್ತಿನ ಊಟ. ಟಾಂಕಾ ತೊಳೆಯುವ ವರ್ಷ ಸರಯೂಬೆನ್ ಅದನ್ನು ಒಂಬತ್ತಕ್ಕೆ ನಿಲ್ಲಿಸುತ್ತಿರಲಿಲ್ಲ. ಮೂವತ್ತು ದಿನ, ಮೂವತ್ತೈದು ದಿನ ಎಳೆಯುತ್ತಿದ್ದಳು. ಪೋಳದ ಹೆಂಗಸರೆಲ್ಲ ಬಂದು ಕೈ ಮುಗಿದು, "ಎಂಥ ತಪಸ್ಸು!" ಎಂದು ಕೊಂಡಾಡಿದರು. ಒಂದು ವರ್ಷ ಬಸದಿಯಲ್ಲಿ ಶಾಲು ಹೊದಿಸಿದರು. ಶಾಲು ತಂದು ನನ್ನ ಮುಂದೆ ಇಟ್ಟು ಅಕ್ಕ ಎಂಬ ಅರ್ಥದ 'ಬೆನ್' ಎಂದೇ ನನ್ನನ್ನು ಕರೆಯುವ ಅವಳು ಹೇಳಿದ್ದು ಇಷ್ಟು: "ಬೆನ್, ತಪಸ್ಸೂ ಇಲ್ಲ ಮಣ್ಣೂ ಇಲ್ಲ. ಕಲ್ಲಿಗೆ ಸೊಂಟ ತರಚುತ್ತೆ."

ಇಳಿಯುವುದು ಮೂರು ವರ್ಷಕ್ಕೊಮ್ಮೆ. ಉಳಿದ ಕೆಲಸ ದಿನಾ. ಮೊದಲ ಮಳೆಗಳನ್ನು ಟಾಂಕಾಕ್ಕೆ ಬಿಡಬಾರದು. ಹತ್ತು ತಿಂಗಳ ಪಾರಿವಾಳದ ಹಿಕ್ಕೆ, ಸಂಕ್ರಾಂತಿಯ ಗಾಳಿಪಟದ ಚೂರು, ಬೀದಿಯ ಧೂಳು ಎಲ್ಲ ಮಾಳಿಗೆಯಿಂದ ತೊಳೆದು ಚರಂಡಿಗೆ ಹೋಗಬೇಕು. ಅಂಗಳದ ಗೋಡೆಯಲ್ಲಿ ಕೊಳವೆ ಎರಡಾಗಿ ಕವಲೊಡೆಯುತ್ತದೆ, ಒಂದು ಬೀದಿಗೆ, ಒಂದು ಟಾಂಕಾಕ್ಕೆ. ಟಾಂಕಾದ ಕವಲಿಗೆ ಬಟ್ಟೆ ಸುತ್ತಿದ ಮರದ ಬೆಣೆ. ಮೃಗಶಿರಾ ಹೋಗಬೇಕು, ಆರ್ದ್ರಾ ಹೋಗಬೇಕು, ಆಮೇಲೆ ಮಾಳಿಗೆಯನ್ನು ಮಂಡಿಯೂರಿ ಮೂರು ಸಲ ಉಜ್ಜಿ ತೊಳೆದು, ಮಘೆ ಮಳೆ ಹುಯ್ಯುವಾಗ ಬೆಣೆ ತೆಗೆಯಬೇಕು. ಮಘೆಯ ನೀರು ವರ್ಷವಿಟ್ಟರೂ ಕೆಡುವುದಿಲ್ಲ. ಆ ನೀರಲ್ಲಿ ತೊಗರಿಬೇಳೆ ಹೂವಿನ ಹಾಗೆ ಅರಳುತ್ತದೆ. ನೀರು ಸೇದಿದಾಗಲೆಲ್ಲ ದಪ್ಪ ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಬಿಂದಿಗೆಯಲ್ಲಿಟ್ಟು ಮತ್ತೆ ಅದೇ ನೀರಿಗೆ ಮೆಲ್ಲಗೆ, ತುಳುಕದಂತೆ ಇಳಿಸಬೇಕು. ಒಂದು ಹುಳಕ್ಕೂ ನೋವಾಗಬಾರದೆಂದು ಇಷ್ಟು ಜತನ ಮಾಡುವ ಮನೆ ಸೊಸೆಯನ್ನು ಮಾತ್ರ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿತ್ತು.

ಅತ್ತೆ ಮಂಗುಬಾಗೆ ಈಗ ಎಂಬತ್ತಮೂರು. ಅವರು ಟಾಂಕಾದ ನೀರನ್ನು ಕುದಿಸಿ ಆರಿಸಿದ್ದು ಬಿಟ್ಟರೆ ಬೇರೆ ನೀರು ಮುಟ್ಟುವುದಿಲ್ಲ. ಅಂಗಳದ ಉಯ್ಯಾಲೆಯ ಮೇಲೆ ಕೂತು ಸೊಸೆಯ ಕೆಲಸ ನೋಡುತ್ತಾರೆ.

ಇನ್ನು ಮೈದುನ ಕಿರೀಟ. ಮದುವೆಯಾದ ವರ್ಷವೇ ಅವನ ಹೆಂಡತಿ ಟಾಂಕಾದ ಬಾಯಿ ಒಂದು ಸಲ ಬಗ್ಗಿ ನೋಡಿ, ನದಿಯಾಚೆ ಫ್ಲ್ಯಾಟ್ ಮಾಡಿಸಿಕೊಂಡು ಹೊರಟುಹೋದಳು. ಅವಳನ್ನು ಬೈಯುವವರುಂಟು, ನಾನು ಬೈಯಲಾರೆ. ಮೂವತ್ತು ವರ್ಷ ಈ ಮನೆಯ ಕಡೆ ತಲೆ ಹಾಕದ ಕಿರೀಟನಿಗೆ ಪ್ರವಾಸಿಗಳು ಬರತೊಡಗಿದ ಮೇಲೆ ಹಿರಿಯರ ನೆನಪು ಉಕ್ಕಿ ಬಂತು. ಪ್ರತಿ ಭಾನುವಾರ ಫಾಫಡಾ, ಜಲೇಬಿಯ ಪೊಟ್ಟಣ ಹಿಡಿದು, ಹೊಸದೊಂದು ಯೋಜನೆಯೊಡನೆ ಹಾಜರಾಗುತ್ತಾನೆ.

"ಭಾಭಿ, ಬಾಯಿಗೆ ದಪ್ಪ ಗಾಜು ಹಾಕ್ಸೋಣ. ಒಳಗೆ ನಾಲ್ಕು ಲೈಟು. ಮೇಲಿಂದ ಬಗ್ಗಿದ್ರೆ ನೀರು ಫಳಫಳ ಅನ್ನಬೇಕು."

"ಬೆಳಕು ಬಿದ್ರೆ ಪಾಚಿ ಕಟ್ಟುತ್ತೆ, ಕಿರೀಟಭಾಯಿ."

"ಪಾಚಿಗೆ ಔಷಧಿ ಸಿಗುತ್ತೆ."

"ಆ ಔಷಧೀನ ನಿಮ್ಮಮ್ಮ ಕುಡೀತಾರಾ?"

"ಬಾಗೆ ಬಾಟಲಿ ನೀರು ತರಿಸಿದ್ರಾಯ್ತು."

"ಹಂಗಾದ್ರೆ ಟಾಂಕಾ ಯಾಕೆ?"

"ತೋರ್ಸೋಕೆ, ಭಾಭಿ! ತೋರ್ಸೋಕೆ!"

ಸರಯೂಬೆನ್ ಗಾಜಿಗೆ ಒಪ್ಪಲಿಲ್ಲ. ನವನೀತಭಾಯಿ ಇಬ್ಬರಿಗೂ ತಲೆಯಾಡಿಸಿದರು. ಅದು ಅವರ ಸ್ವಭಾವ. ಕೆಟ್ಟ ಮನುಷ್ಯ ಅಲ್ಲ. ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಲೋಟವನ್ನೂ ಎತ್ತಿದವರಲ್ಲ.

ಈ ಸಲ ಜೂನ್ ಎರಡನೇ ವಾರ ಸರಯೂಬೆನ್‌ಳ ತಾಯಿಗೆ ಕಪಡವಂಜ್‌ನಲ್ಲಿ ಹುಷಾರು ತಪ್ಪಿತು. ನಾಲ್ಕು ದಿನಕ್ಕೆಂದು ಹೊರಟಳು. ಖಾಖ್ರಾ ಡಬ್ಬಿ ತುಂಬಿಸಿಟ್ಟಳು, ಅತ್ತೆಗೆ ನೀರು ಕುದಿಸಿ ಮೂರು ಬಿಂದಿಗೆ ಇಟ್ಟಳು, ಬೀದಿಯ ಕವಲು ತೆರೆದಿದೆಯೇ ಎಂದು ನೋಡಿದಳು. ಗಂಡನಿಗೆ ಗೋಡೆಯ ಬೆಣೆ ಮುಟ್ಟಿ ತೋರಿಸಿದಳು.

"ಮಳೆ ಬಂದ್ರೂ ಇದನ್ನ ತೆಗೀಬೇಡಿ. ಮಾಳಿಗೆ ತೊಳೆದಿಲ್ಲ. ಕೇಳಿಸ್ತಾ?"

"ಕೇಳಿಸ್ತು ಕೇಳಿಸ್ತು. ಹುಟ್ಟಿದಾಗಿಂದ ನೋಡಿದ್ದೀನಿ," ಎಂದರು ನವನೀತಭಾಯಿ ಪತ್ರಿಕೆಯಿಂದ ಕಣ್ಣೆತ್ತದೆ.

ನೋಡಿದ್ದರೋ ಇಲ್ಲವೋ. ಮೂರನೇ ದಿನ ಬೆಳಿಗ್ಗೆ ಹದಿನೆಂಟು ಜನ ಅಂಗಳದಲ್ಲಿದ್ದಾಗ ಮಳೆ ಸುರಿಯಿತು. ವರ್ಷದ ಮೊದಲ ಮಳೆ. ಮಣ್ಣಿನ ವಾಸನೆ, ಮಾಳಿಗೆಯ ಮೇಲೆ ಸದ್ದು, ಪ್ರವಾಸಿಗಳ ಕೂಗಾಟ. ನವನೀತಭಾಯಿಗೆ ತಮ್ಮ ಭಾಷಣ ಮೊದಲ ಬಾರಿ ನಿಜವಾಗುತ್ತಿರುವುದನ್ನು ಕಂಡು ತಡೆಯಲಾಗಲಿಲ್ಲ.

"ನಿಮ್ಮ ಅದೃಷ್ಟ! ಇದೇ ಆ ಕ್ಷಣ! ನೂರಾ ಎಂಬತ್ತು ವರ್ಷದಿಂದ ಹೀಗೇ..."

ಎಂದು ಬೆಣೆಗೆ ಕೈ ಹಾಕಿದರು. ಮೌಲಿಕ್‌ನ ಹೆಂಡತಿ ಝಂಖನಾ, ಕಳೆದ ಚಳಿಗಾಲ ಈ ಮನೆಗೆ ಬಂದವಳು, ಬ್ಯಾಂಕಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು.

"ಪಪ್ಪಾ, ಬೇಡ. ಮಮ್ಮಿ ಬೇಡ ಅಂದಿದ್ರು."

"ನೀನು ನಿನ್ನೆ ಬಂದವಳಮ್ಮ. ನಾನು ಈ ಮನೇಲೇ ಹುಟ್ಟಿದವನು," ಎಂದು ಎಲ್ಲರಿಗೂ ಕೇಳುವಂತೆ ನಕ್ಕರು. ಪ್ರವಾಸಿಗಳೂ ನಕ್ಕರು. ಉಯ್ಯಾಲೆಯ ಮೇಲಿಂದ ಮಂಗುಬಾ ಕೈ ಬೀಸಿ ಏನೋ ಕೂಗಿದರು, ಮಳೆಯ ಸದ್ದಿನಲ್ಲಿ ಅದು ಆಶೀರ್ವಾದದ ಹಾಗೆ ಕಂಡಿತು. ಬೆಣೆ ಕಿತ್ತುಬಂತು. ಚಪ್ಪಾಳೆ ನಮ್ಮ ಮನೆಗೂ ಕೇಳಿಸಿತು. ಒಂದು ಗಂಟೆ ಹೊತ್ತು ಮಾಳಿಗೆಯ ಹತ್ತು ತಿಂಗಳ ಕೊಳೆ ಮಘೆಯ ನೀರಿನೊಳಗೆ ಭೋರೆಂದು ಇಳಿಯಿತು. ಆರನೇ ತಲೆಮಾರು ಪಕ್ಕದಲ್ಲಿ ಕೈ ಕಟ್ಟಿ ನಿಂತು ಫೋಟೋ ತೆಗೆಸಿಕೊಂಡಿತು.

ಮಾರನೇ ದಿನ ಸರಯೂಬೆನ್ ಬಂದಳು. ಚೀಲ ಕೆಳಗಿಟ್ಟು ಮುಚ್ಚಳ ಸರಿಸಿದಳು. ಮೂಗಿಗೆ ಸೆರಗು ಹಿಡಿದಳು. ತಾಮ್ರದ ಬಿಂದಿಗೆ ಇಳಿಸಿ ಎತ್ತಿದರೆ ಬೂದು ಬಣ್ಣದ ನೀರು, ಮೇಲೆ ಎರಡು ಗರಿ, ಗಾಳಿಪಟದ ಒಂದು ಗುಲಾಬಿ ಚೂರು.

"ಎಷ್ಟು ಹೊತ್ತು ಬಿಟ್ರಿ?"

"ಒಂದ್ ಗಂಟೆ ಇರಬಹುದು," ಎಂದರು ನವನೀತಭಾಯಿ. "ಜನ ತುಂಬಾ ಖುಷಿಪಟ್ರು, ಸರಯೂ."

ಸರಯೂಬೆನ್ ಮುಚ್ಚಳ ಎಳೆದು ಮುಚ್ಚಿದಳು. ಅತ್ತೆಗೆ ನಲ್ಲಿಯ ನೀರು ಸೋಸಿ ಕುದಿಸಿ ಕೊಟ್ಟಳು. ಮಂಗುಬಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಔಷಧಿ ವಾಸನೆ," ಎಂದರು. ಆ ದಿನ ಮತ್ತೆ ನೀರು ಕೇಳಲಿಲ್ಲ. ಮರುದಿನ ಅರ್ಧ ಲೋಟ. ಎಂಬತ್ತಮೂರರ ಜೀವ ಜೂನ್ ಸೆಕೆಯಲ್ಲಿ ಅರ್ಧ ಲೋಟ ನೀರಲ್ಲಿ ಕೂತಿತ್ತು.

ಭಾನುವಾರ ಕಿರೀಟ ಬಂದ. ಅಂಗಳದಲ್ಲಿ ಮನೆಯವರ ಸಭೆ ಸೇರಿತು. ನನ್ನನ್ನು ಯಾರೂ ಕರೆದಿರಲಿಲ್ಲ. ಹಾಲಿಗೆ ಹೆಪ್ಪು ಕೇಳಲು ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ.

"ಆದದ್ದಾಯ್ತು," ಎಂದ ಕಿರೀಟ. "ದಿಲ್ಲಿಯಿಂದ ಪತ್ರಿಕೆಯವರು ಬರ್ತಾ ಇದ್ದಾರೆ, ಹತ್ತು ದಿನ ಇದೆ. ಟಾಂಕಾದ ಫೋಟೋನೇ ಮುಖಪುಟ ಅಂತೆ. ಅಷ್ಟರಲ್ಲಿ ತೊಳ್ಸಿಬಿಡೋಣ."

"ತೊಳ್ಸಿಬಿಡೋಣ ಅಂದ್ರೆ ಯಾರ ಕೈಲಿ?" ಸರಯೂಬೆನ್ ಕೇಳಿದಳು.

ಕಿರೀಟ ಅತ್ತಿಗೆಯ ಮೊಣಕಾಲು ನೋಡಿದ. ಎಡಗಾಲಿಗೆ ಪಟ್ಟಿ ಸುತ್ತಿಕೊಂಡೇ ಅವಳು ಎರಡು ವರ್ಷದಿಂದ ಮೆಟ್ಟಿಲು ಹತ್ತುತ್ತಿರುವುದು ಅವನಿಗೆ ಅಂದೇ ಕಂಡಿರಬೇಕು. ಆಮೇಲೆ ಅವನ ಕಣ್ಣು ಪಕ್ಕಕ್ಕೆ ಸರಿಯಿತು. ನವನೀತಭಾಯಿಯ ಕಣ್ಣೂ ಅತ್ತ ಹೋಯಿತು. ಎಲ್ಲರ ಕೊನೆಗೆ ಉಯ್ಯಾಲೆ ನಿಂತಿತು.

"ಝಂಖನಾ," ಎಂದರು ಮಂಗುಬಾ. "ಎದ್ದು ನಿಲ್ಲು ಮಗು. ಆ ಕಡೆ ತಿರುಗು."

ಜಲೇಬಿ ಕೈಯಲ್ಲಿ ಹಿಡಿದಿದ್ದ ಹುಡುಗಿ ಎದ್ದಳು. ಯಾಕೆಂದು ತಿಳಿಯದೆ ಅರ್ಧ ತಿರುಗಿದಳು.

"ಹಿಡಿಸುತ್ತೆ," ಎಂದರು ಮಂಗುಬಾ. "ಒಳ್ಳೆ ಸೊಂಟ."

"ಎಲ್ಲಿಗೆ ಹಿಡಿಸುತ್ತೆ?" ಎಂದಳು ಝಂಖನಾ.

"ಒಂದೇ ಸಲ ಅಮ್ಮ," ಕಿರೀಟ ನಕ್ಕ. "ಫೋಟೋನೂ ತೆಗೆಯೋಣ. ಪರಂಪರೆ ಕಾಪಾಡೋ ಹೊಸ ತಲೆಮಾರಿನ ಹೆಣ್ಣು ಅಂತ. ಬ್ಯಾಂಕಿನವರೂ ಮೆಚ್ಕೋತಾರೆ."

ಮೌಲಿಕ್ ಅಲ್ಲೇ ಕಂಬಕ್ಕೊರಗಿದ್ದ. ಫೋನು ನೋಡುತ್ತಿದ್ದವನು ಇನ್ನೂ ಹೆಚ್ಚು ಮನಸ್ಸಿಟ್ಟು ನೋಡತೊಡಗಿದ. ಅವನ ಅಪ್ಪನ ಮಗ.

ಇಷ್ಟು ವರ್ಷದಲ್ಲಿ ಸರಯೂಬೆನ್ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತೂ ಜೋರು ಮಾಡಲಿಲ್ಲ.

"ಕೂತ್ಕೋ ಝಂಖನಾ. ಜಲೇಬಿ ತಿನ್ನು. ನೀನು ಇಳಿಯೋದಿಲ್ಲ."

"ಮತ್ತೆ ನೀವೇ ಇಳೀತೀರಾ ಭಾಭಿ? ಮೊಣಕಾಲು?"

"ನಾನೂ ಇಳಿಯೋದಿಲ್ಲ."

"ಮತ್ತೆ?"

"ಬೆಣೆ ಕಿತ್ತವರು ಇಳೀತಾರೆ. ಚಪ್ಪಾಳೆ ಅವರಿಗೆ ತಾನೆ ಬಂದದ್ದು?"

ನವನೀತಭಾಯಿ ಗಾಬರಿಯಾಗಿ ತಮ್ಮ ಹೊಟ್ಟೆಯನ್ನು ನೋಡಿಕೊಂಡರು. "ನಾನಾ? ನನಗೆ ಹಿಡಿಸಲ್ಲ ಸರಯೂ. ಬಾಯಿ ಒಂದೂವರೆ ಅಡಿ."

"ಹಿರಿಯರು ಮಾಡಿಟ್ಟಿದ್ದು," ಎಂದ ಕಿರೀಟ. "ನಾವೇನ್ ಮಾಡೋಕಾಗುತ್ತೆ?"

ಸರಯೂಬೆನ್ ಅಡುಗೆಮನೆಯ ಕಡೆ ಬಂದಳು. ಬಾಗಿಲಲ್ಲಿ ನನ್ನನ್ನು ಕಂಡು, "ಬೆನ್, ನಿಮ್ಮ ಮನೆ ರಿಪೇರಿಗೆ ತಂದ ಹಾರೆ ಇದೆಯಲ್ಲ, ಕೊಡ್ತೀರಾ?" ಎಂದಳು. ಹೆಪ್ಪು ಕೇಳಲು ಬಂದವಳು ನಾನು. ಬೀದಿ ದಾಟಿ ಹಾರೆ ತಂದುಕೊಟ್ಟೆ.

ಅವಳು ಕಾಲು ಚಾಚಿ ಕಮಲದ ಪಕ್ಕ ನೆಲದ ಮೇಲೆ ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹಾರೆಯ ತುದಿಯಿಂದ ಕಲ್ಲಿನ ಸುತ್ತಲಿನ ಸುಣ್ಣದ ಗೆರೆಯನ್ನು ಕೆರೆಯತೊಡಗಿದಳು.

"ಭಾಭಿ! ಏನ್ ಮಾಡ್ತಾ ಇದ್ದೀರಿ?" ಕಿರೀಟ ಎದ್ದು ನಿಂತ.

"ಬಾಯಿ ಚಿಕ್ಕದು ಅಂದ್ರಲ್ಲ. ದೊಡ್ಡದು ಮಾಡ್ತಾ ಇದ್ದೀನಿ."

"ಹುಚ್ಚು ಹಿಡಿದಿದೆಯಾ? ಒಂದೇ ಕಲ್ಲು ಅದು! ನೂರಾ ಎಂಬತ್ತು ವರ್ಷದ್ದು! ಮುಟ್ಟೋಕೆ ಪರ್ಮಿಷನ್ ಬೇಕು, ಬಾಗಿಲ ಮೇಲೆ ಪರಂಪರೆಯ ಫಲಕ ಹಾಕಿಲ್ವಾ?"

"ಒಂದೇ ಕಲ್ಲಲ್ಲ, ಎರಡು," ಎಂದಳು ಸರಯೂಬೆನ್ ತಲೆಯೆತ್ತದೆ. "ಇಲ್ಲೊಂದು ಕೂಡು, ಅಲ್ಲೊಂದು ಕೂಡು. ಮೂವತ್ತೇಳು ವರ್ಷದಿಂದ ದಿನಾ ಉಜ್ಜಿದ್ದೀನಿ. ಇಳಿದು ಹತ್ತಿದ ವರ್ಷವೆಲ್ಲ ಈ ಸಂದಿಗೆ ಸುಣ್ಣ ತುಂಬಿದವಳು ನಾನೇ. ಇದರ ಕೆಳಗೆ ಬಾಯಿ ಎರಡೂವರೆ ಅಡಿ ಅಗಲ ಇದೆ. ಒಳಗೆ ನಿಂತು ಮೇಲೆ ನೋಡಿದವರಿಗೆ ಕಾಣುತ್ತೆ."

ಹಾರೆಯ ಕೆರಕೆರ ಒಂದೇ. ಕಟ್ಟಿದವನು ಆಳು ಸಲೀಸಾಗಿ ಇಳಿಯುವಷ್ಟು ಅಗಲವಾಗಿಯೇ ಕಟ್ಟಿದ್ದ. ನಂತರದ ಯಾವನೋ ಅಜ್ಜ ಅಂದಕ್ಕೆಂದು ಮೇಲೊಂದು ಕಮಲ ಕೂರಿಸಿದ. ಆ ಅಂದದ ಅಳತೆಗೆ ನಾಲ್ಕೈದು ತಲೆಮಾರಿನ ಹುಡುಗಿಯರನ್ನು ಆರಿಸಿ ತಂದರು.

ಝಂಖನಾ ಜಲೇಬಿ ಪೊಟ್ಟಣ ಪಕ್ಕಕ್ಕಿಟ್ಟು ಬಂದು ಅತ್ತೆಯ ಎದುರು ಕೂತಳು. ಸುಣ್ಣ ಉದುರಿದ ಮೇಲೆ ನಾವು ಮೂವರೂ ಸೇರಿ ಹಾರೆ ಒತ್ತಿದೆವು. ಮೊದಲ ಅರ್ಧ ಕಮಲ ಗೊರಗೊರ ಎನ್ನುತ್ತಾ ಮೇಲೆದ್ದು ಜಾರಿತು. ಹಿಂದೆಯೇ ಎರಡನೆಯದು. ನೆಲದಲ್ಲಿ ದೊಡ್ಡದೊಂದು ದುಂಡನೆಯ ತೂತು ತೆರೆದುಕೊಂಡಿತು. ಒಬ್ಬ ದಪ್ಪ ಮನುಷ್ಯ, ತೋಳು ಸ್ವಲ್ಪ ಮಡಚಿಕೊಂಡರೆ, ಆರಾಮಾಗಿ ಇಳಿಯುವಷ್ಟು.

ಕಿರೀಟ ತಲೆಯ ಮೇಲೆ ಕೈ ಹೊತ್ತು ಎರಡು ತುಂಡುಗಳ ಸುತ್ತ ಓಡಾಡುತ್ತಿದ್ದ. "ಬಾ, ನೋಡಿದ್ಯಾ? ನಿನ್ನ ಸೊಸೆ ಏನ್ ಮಾಡಿದ್ಲು ನೋಡಿದ್ಯಾ? ಹೇಳು ಏನಾದ್ರೂ!"

ಮಂಗುಬಾ ಉಯ್ಯಾಲೆಯಿಂದ ಇಳಿದಿದ್ದರು. ಕೋಲೂರಿ ಬಂದು ತೂತಿನ ಅಂಚಿನಲ್ಲಿ ನಿಂತು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಸೊಸೆಗೆ ಶಾಪ ಹಾಕುತ್ತಾರೆಂದು ನಾನು ಕಾದೆ.

"ಇದು ಎದ್ದು ಬರುತ್ತಾ?" ಎಂದರು. "ಇಷ್ಟು ಸಲೀಸಾಗಿ?"

"ಹ್ಞೂಂ ಬಾ."

"ನಾನು ಹದಿನೇಳನೇ ವಯಸ್ಸಿಂದ ಇಳಿದೆ. ಎರಡನೇ ಸಲ ಇಳಿದಾಗ ಬಸುರಿ ಆಗಿದ್ದು ಗೊತ್ತಿರಲಿಲ್ಲ. ಕಲ್ಲಿಗೆ ಒತ್ತಿ ಎಳೆದ್ರು ಮೇಲೆ. ಸಂಜೆಗೆ ಹೋಯ್ತು." ಮಕ್ಕಳ ಕಡೆ ತಿರುಗಿದರು. "ಎದ್ದು ಬರೋ ಕಲ್ಲಂತೆ. ನಿಮ್ಮಪ್ಪ ಒಂದಿನ ಮುಟ್ಟಿ ನೋಡಲಿಲ್ಲ."

ಅರವತ್ತು ದಾಟಿದ ಇಬ್ಬರು ಗಂಡುಮಕ್ಕಳಿಗೂ ಆ ಸಂಜೆಯ ಸಂಗತಿ ಗೊತ್ತಿರಲಿಲ್ಲ. ಮನೆಯ ಇತಿಹಾಸ ಹೇಳಿ ಹೇಳಿ ಬಾಯಿಪಾಠವಾಗಿದ್ದ ನವನೀತಭಾಯಿ ಅಮ್ಮನ ಮುಖ ನೋಡುತ್ತಾ ನಿಂತರು. ಆಮೇಲೆ ಜುಬ್ಬಾದ ಗುಂಡಿಗೆ ಕೈ ಹಾಕಿದರು.

"ಅಣ್ಣಾ, ನೀನೂ ಹುಚ್ಚನಾಗಬೇಡ," ಎಂದ ಕಿರೀಟ. "ಕೂಲಿಯವರನ್ನ ಕರೆಸೋಣ. ಈಗ ಯಾರು ಮಡಿ ನೋಡ್ತಾರೆ?"

"ಝಂಖನಾನ ನಿಲ್ಲಿಸಿ ತಿರುಗಿಸುವಾಗ ಆ ಮಾತು ಬರಲಿಲ್ಲ," ಎಂದಳು ಸರಯೂಬೆನ್. "ನೀವೂ ಅಂಗಿ ಬಿಚ್ಚಿ ಕಿರೀಟಭಾಯಿ. ಕೆಳಗೆ ಒಬ್ಬರ ಕೈಲಾಗೋ ಕೆಲಸ ಅಲ್ಲ. ನಾನು ಒಬ್ಬಳೇ ಮಾಡಿದ್ದೆ, ಆ ಮಾತು ಬೇರೆ."

ಹಳೆಯ ನೀರು ಸೇದಿ ಹಾಕಲು ಎರಡು ದಿನ ಹಿಡಿಯಿತು. ಮೋಟಾರು ಹಚ್ಚಿದರೆ ಜೀವಗಳು ಅರೆದುಹೋಗುತ್ತವೆಂದು ಮಂಗುಬಾ ಬಿಡಲಿಲ್ಲ. ಮೌಲಿಕ್ ರಜೆ ಹಾಕಿ ಹಗ್ಗ ಎಳೆದ. ಅಂಗೈ ಬೊಬ್ಬೆ ಎದ್ದದ್ದನ್ನು ಹೆಂಡತಿಗೆ ತೋರಿಸಿದರೆ ಅವಳು, "ಫೋಟೋ ತೆಗೀಲಾ?" ಎಂದಳಂತೆ. ಆ ಎರಡು ದಿನವೂ ಪ್ರವಾಸಿಗಳು ಬಂದರು. ಜಗಲಿಯ ಮೇಲೆ ಕಾಯುವವರು ಇರಲಿಲ್ಲ. ಸರಯೂಬೆನ್ ಬಾಗಿಲಿಗೆ ಬಂದು, "ಇವತ್ತು ಮನೇಲಿ ಕೆಲಸ ಇದೆ," ಎಂದು ಕದ ಹಾಕಿಕೊಂಡಳು. ಕಿರೀಟ ಮಾತ್ರ ಮೊದಲ ದಿನವೇ ಬೆನ್ನುನೋವೆಂದು ನದಿಯಾಚೆ ಹೋದವನು ಮರಳಲಿಲ್ಲ. ಫೋನಿನಲ್ಲಿ ನೋಟೀಸು ಬರುತ್ತದೆ, ಫಲಕ ಕಿತ್ತುಕೊಂಡು ಹೋಗುತ್ತಾರೆ ಎಂದು ಹೆದರಿಸಿದ. ಬಂದರೆ ಬರಲಿ. ಫಲಕ ಬಂದ ದಿನದಿಂದ ಅದನ್ನೂ ಒರೆಸುತ್ತಿದ್ದವಳು ಅವಳೇ.

ಬುಧವಾರ ಬೆಳಿಗ್ಗೆ ಅವಳು ಹಣತೆ ಹಚ್ಚಿ ಕೆಳಗಿಳಿಸಿದಳು. ದೀಪ ಆರಲಿಲ್ಲ. ಗಂಡನ ಸೊಂಟಕ್ಕೆ ಹಗ್ಗ ಬಿಗಿದಳು, ಗಂಟನ್ನು ಎರಡು ಸಲ ಜಗ್ಗಿ ನೋಡಿದಳು. ತನಗೆ ಯಾರೂ ಎರಡನೇ ಸಲ ಜಗ್ಗಿ ನೋಡಿರಲಿಲ್ಲವೆಂದು ಹೇಳಲಿಲ್ಲ, ನಾನು ಬಲ್ಲೆ. ಹಗ್ಗದ ಇನ್ನೊಂದು ತುದಿ ಮೌಲಿಕ್, ಝಂಖನಾ, ನನ್ನ ಕೈಯಲ್ಲಿ. ಬನಿಯನ್ ಮತ್ತು ಹಳೆ ಪಂಚೆಯ ನವನೀತಭಾಯಿ ಗೋಡೆಯ ಗೂಡುಗಳಲ್ಲಿ ಕಾಲಿಡುತ್ತಾ, ಪ್ರತಿ ಹೆಜ್ಜೆಗೂ ಅರಿಹಂತನ ಹೆಸರು ಹೇಳುತ್ತಾ ಇಳಿದರು. ತಲೆ ಮುಳುಗಿ ಕಣ್ಮರೆಯಾಯಿತು. ಸ್ವಲ್ಪ ಹೊತ್ತಿಗೆ ಕೆಸರಿನಲ್ಲಿ ಕಾಲು ಹೂತ ಸದ್ದು ಬಂತು.

"ಸರಯೂ," ಕೆಳಗಿನಿಂದ ದನಿ ಮೊಳಗಿತು. "ಏನೂ ಕಾಣಿಸ್ತಿಲ್ಲ ಇಲ್ಲಿ."

"ಗೊತ್ತು."

"ಉಸಿರು ಕಟ್ಟಿದ ಹಾಗಾಗುತ್ತೆ."

"ಮೊದಲು ಹಾಗೇ ಆಗುತ್ತೆ. ದೀಪ ನೋಡ್ತಾ ಇರಿ. ಸಣ್ಣಗಾದ್ರೆ ಕೂಗಿ, ಎಳ್ಕೋತೀವಿ."

ಕೆಳಗೆ ಕೆಸರಿನಿಂದ ಕಾಲು ಕಿತ್ತಿಡುವ ಸದ್ದಾಯಿತು.

"ಎಲ್ಲಿಂದ ಶುರು ಮಾಡ್ಲಿ?" ಕೊನೆಗೆ ಕೇಳಿದರು. ಆರು ತಲೆಮಾರಿನ ಮಾತುಗಾರ ಅಷ್ಟು ಸಣ್ಣ ದನಿಯಲ್ಲಿ ಕೇಳಿದ್ದನ್ನು ನಾನು ಬೇರೆಂದೂ ಕೇಳಿಲ್ಲ.

ಸರಯೂಬೆನ್ ತೂತಿನ ಅಂಚಿಗೆ ಜರುಗಿ ಕೂತಳು. ತೆಂಗಿನ ನಾರಿನ ಉಂಡೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು.

"ಮೂಡಣ ಗೋಡೆಯಿಂದ. ಮೇಲಿಂದ ಕೆಳಗೆ ಉಜ್ಜಿ. ಒತ್ತಿ ಉಜ್ಜಿ, ಹಾಗೆ ಸವರಿದ್ರೆ ಹೋಗಲ್ಲ. ಮಧ್ಯಾಹ್ನದೊಳಗೆ ಒಂದು ಗೋಡೆ ಮುಗೀಬೇಕು."

ಮಂಗುಬಾ ಉಯ್ಯಾಲೆಯಿಂದಲೇ ಕೂಗಿ ಹೇಳಿದರು, "ಮೂಲೆ ಬಿಡಬೇಡ ಅನ್ನು ಅವನಿಗೆ."